ಪ್ಯಾಂಗಾಂಗ್ ಸರೋವರದ ಬೆಳಕುಗಳು: ಸಂಶಯದಿಂದ ನಿರ್ಣಯದ ವರೆಗೆ

೧

ಗೌತಮನ ನ್ಯಾಯಸೂತ್ರಗಳು ಎಣಿಸುವ ಹದಿನಾರು ಪದಾರ್ಥಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ಇವೆರಡರ ನಡುವಣ ದಾರಿಯನ್ನು ನಮ್ಮ ಪಾಠಶಾಲೆಗಳಲ್ಲಿ ಹಗ್ಗ-ಹಾವು, ಚಿಪ್ಪು-ಬೆಳ್ಳಿ ಎಂಬ ಹಳೆಯ ದೃಷ್ಟಾಂತಗಳಿಂದಲೇ ತೋರಿಸುತ್ತ ಬಂದಿದ್ದೇವೆ. ದೃಷ್ಟಾಂತಗಳು ಒಳ್ಳೆಯವೇ, ಆದರೆ ಹಗ್ಗವನ್ನು ಹಾವೆಂದು ತಿಳಿದವನಿಗೆ ಒಂದು ಗಳಿಗೆಯ ಹೆದರಿಕೆಯ ಹೊರತು ಬೇರೆ ಹಾನಿಯಿಲ್ಲವಾದ್ದರಿಂದ, ಭ್ರಮೆಯ ವಿಚಾರವು ಕೇವಲ ವಾದಕ್ಕಾಗಿ ಹುಟ್ಟಿದುದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ನಂದನ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. ೨೦೧೨-೧೩ರಲ್ಲಿ, ಲಡಾಖಿನ ಗಡಿಯಲ್ಲಿ ನಡೆದ ಒಂದು ಸಂಗತಿಯು ಈ ಕೊರತೆಯನ್ನು ತುಂಬಬಲ್ಲದು. ಅಲ್ಲಿ ಎರಡು ಬೆಳಕುಗಳ ಸ್ವರೂಪವನ್ನು ತಿಳಿಯುವುದು ಎರಡು ದೊಡ್ಡ ರಾಜ್ಯಗಳ ಸೇನೆಗಳಿಗೆ ಸಂಬಂಧಿಸಿದ ವಿಷಯವಾಗಿತ್ತು. ಆ ಸಂಗತಿಯನ್ನು ವಿವರಿಸಿ, ಪ್ರಮಾಣಶಾಸ್ತ್ರದ ಒರೆಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ.

ಲಡಾಖಿನ ಪೂರ್ವಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು ೪,೩೦೦ ಮೀಟರ್ ಎತ್ತರದಲ್ಲಿ ಪ್ಯಾಂಗಾಂಗ್ ಸರೋವರವಿದೆ. ಭಾರತ-ಚೀನಗಳ ನಡುವಣ ವಾಸ್ತವ ನಿಯಂತ್ರಣ ರೇಖೆಯು ಈ ಸರೋವರವನ್ನು ಅಡ್ಡ ಕಡಿದು ಹೋಗುತ್ತದೆ. ಪೂರ್ವದ ಹೆಚ್ಚು ಭಾಗವು ಚೀನದ ಹಿಡಿತದಲ್ಲಿದೆ. ೨೦೧೨ರ ಆಗಸ್ಟ್ ತಿಂಗಳಿಂದ ಅಲ್ಲಿಯ ಗಡಿಗಾವಲಿನವರಿಗೆ ಹಳದಿ ಬಣ್ಣದ ಉಜ್ವಲವಾದ ಗೋಲಗಳು ಕಾಣತೊಡಗಿದವು. ಅವು ಚೀನದ ಕಡೆಯ ದಿಗಂತದಿಂದ ಮೇಲೆದ್ದು, ಮೂರರಿಂದ ಐದು ಗಂಟೆಗಳ ಕಾಲ ನಿಧಾನವಾಗಿ ಆಕಾಶದಲ್ಲಿ ಸಾಗಿ, ಬಳಿಕ ಕಣ್ಮರೆಯಾಗುತ್ತಿದ್ದುವೆಂದು ಆ ವರ್ಷದ ನವೆಂಬರಿನಲ್ಲಿ ಪತ್ರಿಕೆಗಳು ವರದಿಮಾಡಿದವು. ೨೦೧೩ರ ಫೆಬ್ರವರಿಯ ವರೆಗೆ ಸೇನೆಯು ದಾಖಲಿಸಿದ ಇಂತಹ ದರ್ಶನಗಳ ಸಂಖ್ಯೆ ೩೨೯. ಅವುಗಳಲ್ಲಿ ೧೫೫ ಸಲ ಬೆಳಕುಗಳು ನಿಯಂತ್ರಣ ರೇಖೆಯನ್ನು ದಾಟಿ ನಮ್ಮ ಕಡೆಗೆ ಬಂದವೆಂದು ಎಣಿಕೆಯಾಯಿತು. ಶತ್ರುಪಕ್ಷದವರು ಬೇಹಿಗಾಗಿ ಕಳುಹಿಸಿದ ಡ್ರೋನ್ ಯಂತ್ರಗಳು ಇವಾಗಿರಬಹುದೆಂಬುದೇ ಮುಖ್ಯವಾದ ಶಂಕೆ.

ಈ ಶಂಕೆಯ ತೂಕವನ್ನು ತಿಳಿಯಬೇಕಾದರೆ ಮರುವರ್ಷದ ಒಂದು ಘಟನೆಯನ್ನು ನೆನೆದರೆ ಸಾಕು. ೨೦೧೩ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಅದೇ ಲಡಾಖಿನ ದೆಪ್ಸಾಂಗ್ ಬಯಲಿನಲ್ಲಿ ಉಭಯ ಸೇನೆಗಳು ಸುಮಾರು ಮೂರು ವಾರಗಳ ಕಾಲ ಎದುರುಬದುರಾಗಿ ಬೀಡುಬಿಟ್ಟಿದ್ದವು. ಅಂತಹ ಕಾಲದಲ್ಲಿ ನೂರೈವತ್ತೈದು ಸಲ ಗಡಿ ಮೀರಿದೆಯೆಂಬ ಲೆಕ್ಕವು ಸಾಮಾನ್ಯವಾದುದಲ್ಲ.

೨

ಸೇನೆಯವರು ಸುಮ್ಮನೆ ಕುಳಿತಿರಲಿಲ್ಲ. ವರದಿಗಳ ಪ್ರಕಾರ, ೨೦೧೨ರ ಸೆಪ್ಟೆಂಬರಿನಲ್ಲಿ ಸರೋವರದ ಬಳಿಯ ಒಂದು ಬೆಟ್ಟದ ತುದಿಗೆ ರೇಡಾರ್ ಯಂತ್ರವನ್ನೂ, ರೇಡಿಯೋ ತರಂಗಗಳನ್ನು ಶೋಧಿಸುವ ಮತ್ತೊಂದು ಯಂತ್ರವನ್ನೂ ಸಾಗಿಸಿದರು. ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದ ಬೆಳಕು ರೇಡಾರಿಗೆ ಸಿಕ್ಕಲಿಲ್ಲ. ತರಂಗಶೋಧಕ ಯಂತ್ರಕ್ಕೂ ಯಾವ ಸಂಕೇತವೂ ದೊರೆಯಲಿಲ್ಲ. ತಮ್ಮದೇ ಒಂದು ಡ್ರೋನನ್ನು ಬೆಳಕಿನ ಕಡೆಗೆ ಹಾರಿಸಿದರು. ಅದು ತಾನು ಏರಬಹುದಾದಷ್ಟು ಎತ್ತರಕ್ಕೆ ಏರಿಯೂ ಬೆಳಕನ್ನು ಮುಟ್ಟಲಾರದೆ ಹಿಂದಿರುಗಿತು. ರೇಡಾರಿಗೆ ಕಾಣದಿದ್ದುದರಿಂದ ಅದು ಲೋಹದಿಂದ ಮಾಡಿದ ವಸ್ತುವಾಗಿರಲಾರದೆಂದು ಆಗ ಊಹಿಸಲಾಯಿತು.

ಶಾಸ್ತ್ರದೃಷ್ಟಿಯಿಂದ ಅತ್ಯಂತ ವಿಚಾರಾರ್ಹವಾದ ಸ್ಥಳವಿದು. ಭಾಟ್ಟಮೀಮಾಂಸಕರೂ ವೇದಾಂತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ಯಾವ ಅನುಪಲಬ್ಧಿಯಾದರೂ ಸಾಲದು, ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ವಸ್ತುವು ಅಲ್ಲಿ ಇದ್ದಿದ್ದರೆ ತಪ್ಪದೆ ಕಾಣಬೇಕಾಗಿತ್ತು ಎಂಬ ನಿಯಮವಿದ್ದಲ್ಲಿ ಮಾತ್ರ, ಕಾಣದಿರುವಿಕೆಯು ಅದರ ಅಭಾವವನ್ನು ತಿಳಿಸುತ್ತದೆ. ರೇಡಾರು ತಾನೇ ತರಂಗವನ್ನು ಕಳುಹಿಸಿ, ವಸ್ತುವಿಗೆ ತಾಗಿ ಮರಳಿದುದನ್ನು ಗ್ರಹಿಸುವ ಯಂತ್ರ. ಅದರ ಯೋಗ್ಯತೆಯು ಕೆಲವು ಹತ್ತು ಅಥವಾ ನೂರು ಕಿಲೋಮೀಟರುಗಳ ಒಳಗಿನದು. ಹಾಗಿರಲು ಅದರ ಅನುಪಲಬ್ಧಿಯು ಹೇಳುವುದೇನು? ‘ಈ ಎಲ್ಲೆಯೊಳಗೆ ನಾನು ಹಿಡಿಯಬಲ್ಲ ವಸ್ತುವಿಲ್ಲ’ ಎಂದಷ್ಟೆ. ಇದಕ್ಕೆ ಎರಡು ಕಾರಣಗಳು ಸಂಭವಿಸುತ್ತವೆ: ವಸ್ತುವು ಎಲ್ಲೆಯೊಳಗಿದ್ದೂ ತರಂಗವನ್ನು ಮರಳಿಸದಿರಬಹುದು, ಅಥವಾ ವಸ್ತುವೇ ಎಲ್ಲೆಯ ಆಚೆಗಿರಬಹುದು. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟುದರಿಂದ, ಬೆಳಕು ಹತ್ತಿರದ್ದೆಂಬ ಪ್ರತಿಜ್ಞೆಯು ಪರೀಕ್ಷೆಯಿಲ್ಲದೆಯೇ ಉಳಿದುಕೊಂಡಿತು.

ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಇರುವ ವಸ್ತುವು ಕಾಣದಿರಲು ಎಂಟು ಕಾರಣಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಮೊದಲನೆಯದೇ ಅತಿದೂರತ್ವ. ಡ್ರೋನು ಎಷ್ಟು ಏರಿದರೂ ಬೆಳಕು ಮೇಲೆಯೇ ಉಳಿದುದೂ ಅದೇ ಅತಿದೂರತ್ವವನ್ನು ಸೂಚಿಸುತ್ತಿತ್ತು. ಎರಡು ಯಂತ್ರಗಳೂ ಸತ್ಯವನ್ನೇ ನುಡಿದಿದ್ದವು. ಅವುಗಳ ನುಡಿಗೆ ಅರ್ಥ ಹೇಳುವಲ್ಲಿ ಮಾತ್ರ ತೊಡಕಾಯಿತು.

ಇನ್ನು ಬೆಳಕುಗಳು ಬಂದ ದಿಕ್ಕು. ಪ್ಯಾಂಗಾಂಗಿನ ಕಾವಲುಗಾರನಿಗೆ ಚೀನವು ಪೂರ್ವದಲ್ಲಿದೆ. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಸೂರ್ಯ ಚಂದ್ರರೂ ಗ್ರಹನಕ್ಷತ್ರಗಳೂ ಪೂರ್ವದಲ್ಲಿ ಹುಟ್ಟಿ ಪಶ್ಚಿಮಕ್ಕೆ ನಡೆಯುವಂತೆ ಕಾಣುತ್ತವೆ. ಆದಕಾರಣ ಆ ಸ್ಥಳದಲ್ಲಿ ನಿಂತವನಿಗೆ ಆಕಾಶದ ಪ್ರತಿಯೊಂದು ಜ್ಯೋತಿಯೂ ಪ್ರತಿದಿನವೂ ಚೀನದ ಬೆಟ್ಟಗಳಿಂದ ಮೇಲೆದ್ದು ನಿಯಂತ್ರಣ ರೇಖೆಯನ್ನು ದಾಟಿ ಬರುವಂತೆಯೇ ತೋರುವುದು. ಕಲಬುರಗಿಯಲ್ಲಿ ನಿಂತು ನೋಡುವವನಿಗೆ ಅದೇ ಜ್ಯೋತಿಯು ತೆಲಂಗಾಣದ ಕಡೆಯಿಂದ ಏರಿ ಬಂದಂತೆ ಕಾಣುತ್ತದೆ. ಆದರೆ ಅದನ್ನು ಅತಿಕ್ರಮವೆಂದು ಯಾರೂ ಬರೆದಿಡುವುದಿಲ್ಲ.

ಅದರ ವೇಗವೂ ಒಂದು ಸುಳಿವನ್ನು ಕೊಟ್ಟಿತ್ತು. ಆಕಾಶವು ಗಂಟೆಗೆ ೧೫ ಅಂಶಗಳಂತೆ ತಿರುಗುವಂತೆ ತೋರುವುದರಿಂದ, ಮೂರರಿಂದ ಐದು ಗಂಟೆಗಳಲ್ಲಿ ಒಂದು ಗ್ರಹವು ೪೫ರಿಂದ ೭೫ ಅಂಶಗಳಷ್ಟು ಸಾಗುತ್ತದೆ. ಉಲ್ಕೆಗೆ ಕೆಲವು ಕ್ಷಣಗಳ ಆಯುಸ್ಸು; ಭೂಮಿಗೆ ಸಮೀಪವಾಗಿ ಸುತ್ತುವ ಕೃತಕ ಉಪಗ್ರಹವು ಕೆಲವೇ ನಿಮಿಷಗಳಲ್ಲಿ ಕಣ್ಣಿನ ಎಲ್ಲೆಯನ್ನು ದಾಟಿಹೋಗುತ್ತದೆ. ಗಂಟೆಗಟ್ಟಲೆ ನಿಧಾನವಾಗಿ ನಡೆಯುವುದು ಗ್ರಹನಕ್ಷತ್ರಗಳ ಸ್ವಭಾವ.

೩

ನಿರ್ಣಯವು ಬಂದುದು ನಮ್ಮ ಕರ್ನಾಟಕದ ಸಂಸ್ಥೆಯೊಂದರ ಮೂಲಕ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, ಸುಮಾರು ೪,೫೦೦ ಮೀಟರ್ ಎತ್ತರದಲ್ಲಿ, ಒಂದು ವೀಕ್ಷಣಾಲಯವನ್ನು ನಡೆಸುತ್ತಿದೆ. ಅಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಿಂದಲೇ ಉಪಗ್ರಹಸಂಪರ್ಕದ ಮೂಲಕ ನಡೆಸುತ್ತಾರೆ. ಸೇನೆಯು ಈ ಸಂಸ್ಥೆಯ ಸಹಾಯವನ್ನು ಕೇಳಿತು.

ಇಲ್ಲಿ ಪೂರ್ವಪಕ್ಷವನ್ನು ಮುಚ್ಚಿಡಬಾರದು. ಹಾನ್ಲೆಯ ತಜ್ಞರು ಮೂರು ದಿನ ನೋಡಿ, ಇವು ಗ್ರಹಗಳೂ ಅಲ್ಲ, ಉಲ್ಕೆಗಳೂ ಅಲ್ಲ ಎಂದರೆಂದು ೨೦೧೨ರ ನವೆಂಬರಿನ ವರದಿಗಳಲ್ಲಿಯೇ ಪ್ರಕಟವಾಗಿತ್ತು. ಆದರೆ ೨೦೧೩ರ ಜುಲೈ ತಿಂಗಳಲ್ಲಿ ಹೊರಬಿದ್ದ ನಿರ್ಣಯವು ಇದಕ್ಕೆ ವಿರುದ್ಧವಾಗಿದ್ದಿತು. ಬೆಳಕುಗಳ ಚಲನೆಯನ್ನು ಸುತ್ತಣ ನಕ್ಷತ್ರಗಳಿಗೆ ಹೋಲಿಸಿ ಗುರುತಿಸಿದಾಗ, ಒಂದು ಗುರುವೆಂದೂ ಮತ್ತೊಂದು ಶುಕ್ರನೆಂದೂ ತಿಳಿದುಬಂದಿತು. ಇವು ಆಕಾಶಸ್ಥವೋ ಭೂಮಿಗೆ ಸೇರಿದವೋ ಎಂಬುದನ್ನು ನಿಶ್ಚಯಿಸುವುದೇ ತಮ್ಮ ಕೆಲಸವಾಗಿತ್ತೆಂದು ಆ ಸಂಸ್ಥೆಯ ಖಗೋಳಜ್ಞರಾದ ತುಷಾರ್ ಪ್ರಭು ಅವರು ಪತ್ರಿಕೆಗೆ ತಿಳಿಸಿದ್ದರು.

ಈ ನಿರ್ಣಯವನ್ನು ವಾಚಕರು ತಾವೇ ಪರೀಕ್ಷಿಸಬಹುದು. ಮೊದಲ ಬೆಳಕು ಸಂಜೆ ಸುಮಾರು ಆರು ಗಂಟೆಯಿಂದ ಬೆಳಗಿನ ಐದರ ವರೆಗೂ, ಎರಡನೆಯದು ಬೆಳಗಿನ ನಾಲ್ಕರಿಂದ ಹನ್ನೊಂದರ ವರೆಗೂ ಕಾಣುತ್ತಿತ್ತೆಂದು ದಾಖಲೆ. ನಂದನ ಸಂವತ್ಸರದ ಪಂಚಾಂಗವನ್ನು ತೆರೆದರೆ ಗುರುವು ವೃಷಭದಲ್ಲಿ ಇರುವುದು ಕಾಣುತ್ತದೆ. ೨೦೧೨ರ ಡಿಸೆಂಬರ್ ೩ರಂದು ಅವನು ರೋಹಿಣಿಯ ಸಮೀಪದಲ್ಲಿ ಸೂರ್ಯನಿಗೆ ನೇರ ಎದುರಾಗಿ ನಿಂತಿದ್ದನು. ಸೂರ್ಯನಿಗೆ ಎದುರಾದ ಗ್ರಹವು ಸೂರ್ಯಾಸ್ತಕ್ಕೆ ಹುಟ್ಟಿ ಸೂರ್ಯೋದಯಕ್ಕೆ ಮುಳುಗುವುದು; ಆರರಿಂದ ಐದು ಗಂಟೆಯೆಂಬ ದಾಖಲೆಗೆ ಇದು ಹೊಂದುತ್ತದೆ. ಶುಕ್ರನು ಆಗಸ್ಟ್ ಮಧ್ಯದಲ್ಲಿ ಸೂರ್ಯನಿಂದ ಪಶ್ಚಿಮಕ್ಕೆ ಸುಮಾರು ೪೬ ಅಂಶ ದೂರದಲ್ಲಿದ್ದು, ಆ ಚಳಿಗಾಲದ ಬಹುಭಾಗ ಬೆಳಗಿನ ನಕ್ಷತ್ರವಾಗಿದ್ದನು.

‘ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಶುಕ್ರನು ಕಾಣುವುದುಂಟೆ?’ ಎಂದು ಕೆಲವರು ಆಕ್ಷೇಪಿಸಬಹುದು. ಈಶ್ವರಕೃಷ್ಣನ ಎಂಟು ಕಾರಣಗಳಲ್ಲಿ ಅಭಿಭವವೂ ಒಂದು. ಹಗಲಿನಲ್ಲಿ ಸೂರ್ಯನ ತೇಜಸ್ಸು ನಕ್ಷತ್ರಗಳನ್ನು ಮರೆಮಾಡುವುದೇ ಅದಕ್ಕೆ ಉದಾಹರಣೆ. ಈ ಅಭಿಭವವು ನಡೆಯುವುದು ಗಾಳಿಯ ಮೂಲಕ: ಸೂರ್ಯನ ಬೆಳಕು ಗಾಳಿಯಲ್ಲಿ ಚೆದರಿ ಆಕಾಶವೆಲ್ಲ ಬೆಳಗುವುದರಿಂದ ನಕ್ಷತ್ರಗಳು ಅದರಲ್ಲಿ ಮುಳುಗುತ್ತವೆ. ಪ್ಯಾಂಗಾಂಗಿನ ಎತ್ತರದಲ್ಲಿ ಗಾಳಿಯ ಒತ್ತಡವು ಕಡಲತೀರದಲ್ಲಿರುವುದರ ಸುಮಾರು ೬೦ ಪ್ರತಿಶತ ಮಾತ್ರ. ದೂಳೂ ತೇವವೂ ಅತ್ಯಲ್ಪ. ಆದುದರಿಂದ ಅಭಿಭವವು ಕುಂದಿ, ರಾತ್ರಿಯಲ್ಲಿ ಗ್ರಹಗಳು ಬಯಲುಸೀಮೆಯಲ್ಲಿ ಕಾಣುವುದಕ್ಕಿಂತ ಪ್ರಖರವಾಗಿಯೂ, ಶುಕ್ರನು ಹಗಲಿನಲ್ಲಿಯೂ ಕಾಣುತ್ತಾನೆ. ಹಗಲುಶುಕ್ರನು ನಮ್ಮ ಪೂರ್ವಿಕರಿಗೆ ಅಪರಿಚಿತನಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ಶುಕ್ರಚಾರದಲ್ಲಿ ಸೂರ್ಯನು ಮುಳುಗುವ ಮೊದಲೇ ಶುಕ್ರನು ಕಂಡರೆ ಭಯವೆಂದೂ, ಹಗಲೆಲ್ಲ ಕಂಡರೆ ಹಸಿವು ರೋಗಗಳೆಂದೂ, ನಡುಹಗಲಲ್ಲಿ ಚಂದ್ರನೊಡನೆ ಕಂಡರೆ ಅರಸನ ಸೇನೆಗೂ ಪಟ್ಟಣಕ್ಕೂ ಭೇದವೆಂದೂ ಫಲ ಹೇಳಿದ್ದಾನೆ. ಫಲವನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಆ ದರ್ಶನವು ಅವನ ಕಾಲಕ್ಕೇ ಗ್ರಂಥಸ್ಥವಾಗಿತ್ತೆಂಬುದು ಮುಖ್ಯ.

ಕತ್ತಲಲ್ಲಿ ಒಂಟಿಯಾದ ಬೆಳಕನ್ನು ಬಹಳ ಹೊತ್ತು ನೆಟ್ಟ ನೋಟದಿಂದ ನೋಡಿದರೆ, ಅದು ಸ್ಥಿರವಾಗಿದ್ದರೂ ಅಲುಗುವಂತೆ ತೋರುವುದೆಂದು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿದ್ದಾರೆ. ದೋಣಿಯಲ್ಲಿ ಹೋಗುವವನಿಗೆ ದಡದ ಮರಗಳು ನಡೆಯುವಂತೆ ಕಾಣುವುದನ್ನು ಧರ್ಮಕೀರ್ತಿಯು ಭ್ರಾಂತಿಯ ಕಾರಣಗಳಲ್ಲಿ ಎಣಿಸಿದ್ದಾನೆ. ನಾವೆಲ್ಲರೂ ಭೂಮಿಯೆಂಬ ದೋಣಿಯಲ್ಲಿಯೇ ಕುಳಿತಿದ್ದೇವೆ.

೪

ಹತ್ತಿರದ ಬೆಳಕನ್ನು ದೂರದ ಬೆಳಕಿನಿಂದ ಬೇರ್ಪಡಿಸುವ ಇನ್ನೊಂದು ಉಪಾಯವುಂಟು; ಅದನ್ನು ನಮ್ಮ ಜಿಲ್ಲೆಯ ಎರಡು ಊರುಗಳಿಂದಲೇ ವಿವರಿಸುತ್ತೇನೆ. ಕಲಬುರಗಿಯ ಈಶಾನ್ಯಕ್ಕೆ, ಹುಮನಾಬಾದಿನ ದಾರಿಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಎರಡೂರುಗಳ ನಡುವೆ ನೇರ ಗೆರೆಯಲ್ಲಿ ಸುಮಾರು ೩೦ ಕಿಲೋಮೀಟರು. ಒಬ್ಬನು ಕಲಬುರಗಿಯ ಕೋಟೆಯ ಮೇಲೂ ಮತ್ತೊಬ್ಬನು ಕಮಲಾಪುರದ ಹೊಲದಲ್ಲೂ ನಿಂತು, ಒಂದೇ ಕ್ಷಣದಲ್ಲಿ ಒಂದೇ ಬೆಳಕನ್ನು ನೋಡಲಿ. ಅದು ಎರಡೂರುಗಳ ನಟ್ಟನಡುವೆ ೧೦ ಕಿಲೋಮೀಟರು ಎತ್ತರದಲ್ಲಿ ತೂಗುವ ದೀಪವಾಗಿದ್ದರೆ, ಕಲಬುರಗಿಯವನಿಗೆ ಈಶಾನ್ಯದಲ್ಲಿಯೂ ಕಮಲಾಪುರದವನಿಗೆ ನೈರುತ್ಯದಲ್ಲಿಯೂ, ದಿಗಂತದಿಂದ ಸುಮಾರು ೩೪ ಅಂಶ ಮೇಲೆ ಕಾಣುವುದು. ಎರಡೂರುಗಳನ್ನು ಕೂಡಿಸುವ ಗೆರೆಗೆ ಅಡ್ಡಲಾಗಿ ೩೦೦ ಕಿಲೋಮೀಟರು ದೂರದಲ್ಲಿದ್ದರೂ, ಇಬ್ಬರು ಕಂಡ ಸ್ಥಾನಗಳಿಗೆ ನಕ್ಷತ್ರಗಳ ನಡುವೆ ಐದು ಅಂಶಗಳಿಗಿಂತ ಹೆಚ್ಚಿನ ಅಂತರವುಂಟು. ಚಂದ್ರಬಿಂಬದ ಅಗಲದ ಹತ್ತು ಪಾಲಿಗೂ ಅದು ಹೆಚ್ಚು. ಆದರೆ ಆ ಬೆಳಕು ಶುಕ್ರನಾದರೆ? ಅವನು ಭೂಮಿಗೆ ಅತ್ಯಂತ ಸಮೀಪನಾದಾಗಲೂ ಸುಮಾರು ನಾಲ್ಕು ಕೋಟಿ ಕಿಲೋಮೀಟರು ದೂರದಲ್ಲಿರುವನಾದ್ದರಿಂದ, ಅಂತರವು ಒಂದು ವಿಕಲೆಯ ಆರನೆಯ ಒಂದು ಪಾಲನ್ನೂ ಮುಟ್ಟದು. ಎಂದರೆ ಇಬ್ಬರೂ ಅವನನ್ನು ಅದೇ ನಕ್ಷತ್ರಗಳ ನಡುವೆ ಅದೇ ಸ್ಥಾನದಲ್ಲಿ ಕಾಣುವರು.

ಸಿದ್ಧಾಂತಜ್ಯೌತಿಷದಲ್ಲಿ ಈ ವ್ಯತ್ಯಾಸಕ್ಕೆ ಲಂಬನವೆಂದು ಹೆಸರು. ಗ್ರಹಣಗಣಿತದಲ್ಲಿ ಅದಿಲ್ಲದೆ ಹೆಜ್ಜೆ ಸಾಗದು. ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಕಡೆಯ ಪ್ರಕರಣದಲ್ಲಿ ಛಾಯಾವ್ಯವಹಾರವನ್ನು ಹೇಳಿದ್ದಾನೆ. ತ್ರಿಭುಜದ ಗೊತ್ತಿರುವ ಬಾಹುವಿನಿಂದ ಗೊತ್ತಿಲ್ಲದುದನ್ನು ಪಡೆಯುವ ಗಣಿತವೇ ಇಲ್ಲಿಯೂ ಬೇಕಾದುದು. ಆ ಅರಸನ ರಾಜಧಾನಿಯಾದ ಮಾನ್ಯಖೇಟವು ಇದೇ ಜಿಲ್ಲೆಯ ಮಳಖೇಡ.

೫

ಸಾಕ್ಷಿಗಳ ವಿಚಾರವು ಉಳಿಯಿತು. ‘೩೨೯ ಸಲ ಕಂಡುದು ಸುಳ್ಳಾಗುವುದು ಹೇಗೆ?’ ಎಂಬ ಪ್ರಶ್ನೆ ಸಹಜ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಪ್ರಸಿದ್ಧಿ. ಅವನ ಮಿತಾಕ್ಷರೆಯು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ಸಾಕ್ಷಿಗಳು ಮೂವರಿಗೆ ಕಡಮೆಯಿರಬಾರದು. ಅವರ ಮಾತುಗಳು ಭಿನ್ನವಾದಾಗ ಬಹುಜನರ ಮಾತು ಗ್ರಾಹ್ಯ. ಆದರೆ ಉಭಯಪಕ್ಷಕ್ಕೂ ಸಮ್ಮತನಾದ ಧರ್ಮಜ್ಞನು ಒಬ್ಬನೇ ಇದ್ದರೂ ಸಾಕ್ಷಿಯಾಗಬಹುದು. ಈ ಕಡೆಯ ಮಾತು ಗಮನಾರ್ಹ. ಸಂಖ್ಯೆಯು ಒಬ್ಬೊಬ್ಬರ ಬಿಡಿ ದೋಷಗಳನ್ನು ಕಳೆಯಬಲ್ಲದು. ಎಲ್ಲರಿಗೂ ಸಮಾನವಾದ ದೋಷವನ್ನು ಕಳೆಯಲಾರದು. ಪೂರ್ವದ ಕಡೆಯನ್ನು ಶಂಕಿಸುವುದೇ ಗಡಿಗಾವಲಿನವನ ಧರ್ಮ. ಆ ಧರ್ಮವನ್ನು ಪಾಲಿಸುವ ನೂರು ಮಂದಿ ಪೂರ್ವದ ಬೆಳಕನ್ನು ಕಂಡು ಒಂದೇ ಬಗೆಯಾಗಿ ಶಂಕಿಸಿದರೆ ಆಶ್ಚರ್ಯವಿಲ್ಲ.

ಆದರೆ ಅವರನ್ನು ಹಾಸ್ಯಮಾಡುವುದು ನ್ಯಾಯವಲ್ಲ. ಆಗ ಕೆಲವರು ಹಾಗೆ ನಕ್ಕುದುಂಟು. ಬೆಳಕು ಹಳದಿಯಾಗಿತ್ತು, ಪೂರ್ವದಲ್ಲಿ ಏಳುತ್ತಿತ್ತು, ಇಷ್ಟು ಗಂಟೆಗೆ ಕಂಡು ಇಷ್ಟು ಗಂಟೆಗೆ ಮರೆಯಾಯಿತು ಎಂದು ಅವರು ಬರೆದುದರಲ್ಲಿ ಅಸತ್ಯವಿರಲಿಲ್ಲ. ಮರಗಟ್ಟುವ ಚಳಿಯಲ್ಲಿ ಆರು ತಿಂಗಳು ಎಚ್ಚರವಿದ್ದು ಅವರು ಬರೆದಿಟ್ಟ ವೇಳೆಗಳೇ ನಿರ್ಣಯಕ್ಕೆ ಒದಗಿದವು. ಶಾಸ್ತ್ರದ ದೃಷ್ಟಾಂತದಲ್ಲಿ ಚಿಪ್ಪನ್ನು ಬೆಳ್ಳಿಯೆಂದು ತಿಳಿಯುತ್ತಾರೆ. ಇಲ್ಲಿ ಕನ್ನಡಿಗರು ಬೆಳ್ಳಿಯೆಂದೇ ಕರೆಯುವ ಶುಕ್ರನನ್ನು ಬೇರೊಂದೆಂದು ತಿಳಿದರು. ಎರಡು ಕಡೆಯೂ ಎದುರಿಗಿದ್ದುದು ನಿಜವಾದ ವಸ್ತುವೇ. ‘ಇದು’ ಎಂಬ ಅಂಶದಲ್ಲಿ ಭ್ರಮೆಯಿಲ್ಲ, ‘ಇಂತಹುದು’ ಎಂಬ ಅಂಶದಲ್ಲಿ ಮಾತ್ರ ಉಂಟು ಎಂಬ ನೈಯಾಯಿಕರ ಮತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದುರ್ಲಭ.

೬

ಹಾಗೆಂದು ಆಕಾಶದ ಬೆಳಕನ್ನೆಲ್ಲ ಶುಕ್ರನೆಂದು ಸಾರುವುದೂ ಅತಿವ್ಯಾಪ್ತಿಯೇ. ೧೯೪೮ರ ಜನವರಿ ೭ರಂದು ಅಮೆರಿಕದ ಕೆಂಟಕಿಯಲ್ಲಿ ಥಾಮಸ್ ಮ್ಯಾಂಟೆಲ್ ಎಂಬ ವೈಮಾನಿಕನು ಹೊಳೆಯುವ ವಸ್ತುವೊಂದನ್ನು ಅಟ್ಟಿಕೊಂಡು ಬಹಳ ಎತ್ತರಕ್ಕೆ ಏರಿ, ವಿಮಾನ ಬಿದ್ದು ಮೃತನಾದನು. ಅವನು ಕಂಡುದು ಶುಕ್ರನೆಂದು ಅಲ್ಲಿಯ ವಾಯುಸೇನೆಯವರು ಮೊದಲು ಹೇಳಿದರು. ಶುಕ್ರನು ಆ ದಿಕ್ಕಿನಲ್ಲಿಯೇ ಇದ್ದರೂ, ಆ ಹಗಲಿನಲ್ಲಿ ಅಷ್ಟು ಹೊಳಪಾಗಿ ಕಾಣುವುದು ಸಂಭವವಿರಲಿಲ್ಲ. ನೌಕಾದಳದವರು ಗೋಪ್ಯವಾಗಿ ಹಾರಿಸುತ್ತಿದ್ದ ಸ್ಕೈಹುಕ್ ಎಂಬ ದೊಡ್ಡ ಬಲೂನು ಅದಾಗಿರಬೇಕೆಂಬುದು ಬಳಿಕ ಒಪ್ಪಿಗೆಯಾದ ವಿವರಣೆ. ಅದೇ ವಾಯುಸೇನೆಯು ೧೯೪೭ರಿಂದ ೧೯೬೯ರ ವರೆಗೆ ಸಂಗ್ರಹಿಸಿದ ೧೨,೬೧೮ ವರದಿಗಳಲ್ಲಿ ೭೦೧ ನಿರ್ಣಯವಾಗದೆ ಉಳಿದವು. ನಿರ್ಣಯವಾಗದುದನ್ನು ಸಂಶಯವೆಂದೇ ಇಡಬೇಕು. ಸಂಶಯವು ಯಾವ ಪಕ್ಷಕ್ಕೂ ಪ್ರಮಾಣವಲ್ಲ.

ಬಲೂನಿನ ಮಾತು ನಮ್ಮ ಸೀಮೆಗೂ ಹೊರತಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದ ವಾಯುಮಂಡಲದ ಶೋಧನೆಗಾಗಿ ದೊಡ್ಡ ಬಲೂನುಗಳನ್ನು ಹಾರಿಸುತ್ತಾರೆ. ೨೦೨೫ರ ಜನವರಿಯಲ್ಲಿ ಅಂತಹ ಒಂದು ಬಲೂನು, ಕಮಲಾಪುರದಿಂದ ದೂರವಲ್ಲದ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಯಂತ್ರಸಮೇತ ಇಳಿದು ಊರವರನ್ನು ಬೆರಗುಗೊಳಿಸಿತು. ವಿಕ್ರಮಾದಿತ್ಯನ ಪ್ರಶಂಸೆಯ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯ ಶಿಲ್ಪಕ್ಕೆ ಪ್ರಸಿದ್ಧವಾದ ಊರೇ ಇದು. ನೆಲದಲ್ಲಿ ಕತ್ತಲು ಕವಿದ ಮೇಲೂ ಬಹಳ ಎತ್ತರದ ಬಲೂನಿಗೆ ಸೂರ್ಯನ ಬೆಳಕು ತಾಗುತ್ತಿರುವುದರಿಂದ ಅದು ಸಂಜೆಯಲ್ಲಿ ನಕ್ಷತ್ರದಂತೆ ಹೊಳೆಯುತ್ತದೆ. ಕಲಬುರಗಿ-ಕಮಲಾಪುರಗಳ ಇಬ್ಬರು ನೋಟಕರು ಅದನ್ನು ಶುಕ್ರನಿಂದ ಕ್ಷಣಮಾತ್ರದಲ್ಲಿ ಬೇರ್ಪಡಿಸಬಲ್ಲರು. ಒಬ್ಬನೇ ನೋಡಿದರೆ ಸಂಶಯ ಉಳಿಯುವುದು.

ಆದುದರಿಂದ ಗುರುತು ಹತ್ತದ ಬೆಳಕನ್ನು ಕಂಡವನು ಬರೆದಿಡಬೇಕಾದುದು ಇಷ್ಟು: ಕಂಡ ವೇಳೆ ಮತ್ತು ಮರೆಯಾದ ವೇಳೆ; ದಿಕ್ಕು; ದಿಗಂತದಿಂದ ಎತ್ತರ; ಹತ್ತಿರದ ನಕ್ಷತ್ರ ಯಾವುದು, ಅದರೊಡನೆ ಬೆಳಕು ಕೂಡಿ ನಡೆಯಿತೋ ಬಿಟ್ಟು ನಡೆಯಿತೋ; ಅದೇ ಕ್ಷಣದಲ್ಲಿ ಬೇರೆ ಊರಿನವರು ಕಂಡುದೇನು. ಹೆಸರನ್ನು ಕಡೆಗೆ ಬರೆಯಲಿ, ಅಥವಾ ಬರೆಯದಿರಲಿ.

ಸಾಹಿತ್ಯದ ಅಧ್ಯಾಪಕರಿಗೂ ಗ್ರಂಥಸಂಪಾದಕರಿಗೂ ಈ ಕ್ರಮ ಹೊಸದಲ್ಲ. ಸವೆದ ಶಾಸನದ ಮುಂದೆ ಕುಳಿತವರು ಕಲ್ಲಿನಲ್ಲಿ ಉಳಿದ ಗೆರೆಗಳನ್ನು ಮೊದಲು ಬರೆದುಕೊಂಡು, ತಾವು ಊಹಿಸಿದ ಅಕ್ಷರಗಳನ್ನು ಕಂಸದೊಳಗೆ ಬೇರೆಯಾಗಿ ಇಡುತ್ತಾರೆ. ಪ್ಯಾಂಗಾಂಗಿನ ದಾಖಲೆಯಲ್ಲಿ ವೇಳೆಗಳು ಕಲ್ಲಿನ ಗೆರೆಗಳು. ‘೧೫೫ ಅತಿಕ್ರಮ’ ಎಂಬುದು ಕಂಸದೊಳಗಿರಬೇಕಾಗಿದ್ದ ಪಾಠ. ಅದನ್ನು ಮೂಲಪಾಠವೆಂದೇ ನಂಬಿ ಮುಂದಿನ ಹೆಜ್ಜೆ ಇಡದೆ, ಖಗೋಳಜ್ಞರನ್ನು ಕೇಳುವ ವಿವೇಕವನ್ನು ಸೇನೆಯವರು ತೋರಿದುದರಿಂದ ಗುರುಶುಕ್ರರ ಕಾರಣವಾಗಿ ಯಾವ ಅನರ್ಥವೂ ನಡೆಯಲಿಲ್ಲ.